ಅಣ್ಣನ ಪಗಾರ

ದಾವಣಗೆರೆ,
ತಾ. ೮-೧೧-೧೯೫೯, ಭಾನುವಾರ

ನಿರ್ಮಲಮ್ಮಳಿಗೆ,

ಆಶೀರ್ವಾದಗಳು ಎಂದು ಶುರು ಮಾಡುವುದು ವಾಡಿಕೆ. ನಿನಗೆ ಆಶೀರ್ವಾದ ಮಾಡುವಷ್ಟು ದೊಡ್ಡವನಾಗಿ ಈ ಸಲ ನಾನು ಉಳಿದಿಲ್ಲ. ಅದಕ್ಕೇ ಬರೀ ಹೆಸರು ಬರೆದಿದ್ದೇನೆ. ನೀನು ತವರಿಗೆಂದು ಉಕ್ಕಡಗಾತ್ರಿಗೆ ಹೋದ ಮೇಲೆ ಮನೆಯಲ್ಲಿ ಎಲ್ಲರಿಗೂ ಆರೋಗ್ಯವಿದೆ, ಯಾರಿಗೂ ನೆಮ್ಮದಿಯಿಲ್ಲ.

ಈ ಪತ್ರವನ್ನು ಮಾವನವರ ಮುಂದೆ ಗಟ್ಟಿಯಾಗಿ ಓದು. ದೀಪಾವಳಿ ಪಾಡ್ಯದ ದಿನ ಅವರು ಊಟಕ್ಕೆ ಕೂತಿದ್ದಾಗಲೇ ನಾನು ನನ್ನ ತಮ್ಮನನ್ನು ಕಳ್ಳನೆಂದೆ. ಅವನ ಪರವಾಗಿ ಮಾತಾಡಿದ ನಿನಗೂ ಅದರಲ್ಲಿ ಪಾಲಿದೆ ಎಂದೆ. ನೀನು ಅಪ್ಪನ ಜೊತೆಯಲ್ಲೇ ಗಂಟು ಕಟ್ಟಿಕೊಂಡು ಹೊರಟೆ. ಅವರ ಎದುರಿಗೆ ಆಡಿದ್ದನ್ನು ಅವರ ಎದುರಿಗೇ ತಿದ್ದಿಕೊಳ್ಳಬೇಕು. ನಮ್ಮ ಮನೆಯ ಒಳಗಿನ ಸಂಗತಿ ಅವರಿಗೂ ತಿಳಿಯಲಿ ಎಂದು ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರಪಡಬೇಡ.

ನಾನು ತಾಲ್ಲೂಕು ಕಚೇರಿಗೆ ಸೇರಿದಾಗ ಈ ಊರಿನಲ್ಲಿ ಗಿರಣಿಯವನಿಗೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುತ್ತಿದ್ದರು. ಬಟ್ಟೆ ಅಂಗಡಿಯ ಲಾಲ್ ಸಾಬ್ ನನ್ನನ್ನು ಕಂಡರೆ ಕುರ್ಚಿ ಒರೆಸುತ್ತಿದ್ದ. ಈಗ ಜೋಳದ ಬೆಲೆ ಏರಿದರೆ ಗಿರಣಿಯಲ್ಲಿ ತುಟ್ಟಿಭತ್ಯೆ ಏರುತ್ತದೆ. ಹರಿಹರದ ಕಾರ್ಖಾನೆಯಲ್ಲಿ ಸಂಘದವರು ಕೂತು ಮಾತಾಡಿದರೆ ಪಗಾರ ಏರುತ್ತದೆ. ನಮಗೆ ಮಾತ್ರ ವರ್ಷಕ್ಕೊಮ್ಮೆ ಮೂರು ರೂಪಾಯಿ, ಅದೂ ಸಾಹೇಬರು ರುಜು ಹಾಕಲು ಮರೆಯದಿದ್ದರೆ. ಲಾಲ್ ಸಾಬ್ ಈಗ ಗಿರಣಿಯ ಪಗಾರದ ದಿನ ಒಳ್ಳೆಯ ಸೀರೆಗಳನ್ನು ಹೊರಗೆ ತೆಗೆಯುತ್ತಾನೆ. ನನ್ನನ್ನು ಕಂಡರೆ ಉದ್ರಿಯ ನೆನಪು ಮಾಡುತ್ತಾನೆ.

ಇದು ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು. ಆದರೂ ಪ್ರತಿ ತಿಂಗಳು ದೇವರ ಜಗಲಿಯ ಮೇಲೆ ಇಬ್ಬರ ಸಂಬಳವನ್ನೂ ಇಟ್ಟಾಗ, ತಮ್ಮ ಕರಿಬಸವರಾಜನ ಕವರಿನ ಮೇಲೆ ನನ್ನದನ್ನು ಇಟ್ಟು ಕೈಮುಗಿಯುತ್ತಿದ್ದೆ. ಅವನದು ಯಾವತ್ತೂ ನನ್ನದಕ್ಕಿಂತ ನಾಲ್ಕೈದು ರೂಪಾಯಿ ಕಡಿಮೆಯೇ. ಅಷ್ಟರಲ್ಲೇ ನನ್ನ ಯಜಮಾನಿಕೆ ನಿಂತಿತ್ತು ಎಂದು ಈಗ ಬರೆಯಲು ನಾಚಿಕೆಯಾಗುತ್ತದೆ.

ಹಬ್ಬಕ್ಕೆ ಮುಂಚೆ ಪಕ್ಕದ ಮನೆಯ ಕೆಂಚವೀರಪ್ಪ ಹೊಸ ಸೈಕಲ್ ತಂದ, ಹೆಂಡತಿಗೆ ಇಳಕಲ್ ಸೀರೆ ತಂದ. ಅವನೂ ನಮ್ಮವನೂ ಒಂದೇ ರೈಲಿಗೆ ಹರಿಹರಕ್ಕೆ ಹೋಗಿ ಒಂದೇ ಸಾಲಿನ ಲೇತ್ ಯಂತ್ರಗಳ ಮೇಲೆ ದುಡಿಯುವವರು. ಅವನ ಪಗಾರ ನೂರಾ ನಲವತ್ತಾಯಿತೆಂದು ಬೀದಿಯೆಲ್ಲ ಹೇಳಿತು. ನಮ್ಮವನ ಕವರಿನಲ್ಲಿ ನೂರೂ ಇರಲಿಲ್ಲ. ಉಳಿದ ದುಡ್ಡು ಎಲ್ಲಿ ಎಂದು ಎಲೆಯ ಮುಂದೆಯೇ ಕೇಳಿದೆ. ಅವನು ತಲೆ ತಗ್ಗಿಸಿ ಹೋಳಿಗೆ ಮುರಿಯುತ್ತಾ ಕೂತ, ತಿನ್ನಲಿಲ್ಲ. ಬಸವಣ್ಣೆಮ್ಮ ಹೋದ ವರ್ಷದ ಸೀರೆಯಲ್ಲೇ ಬಡಿಸುತ್ತಿದ್ದಳು. ಕದ್ದವನ ಹೆಂಡತಿ ಹಳೆಯ ಸೀರೆ ಯಾಕೆ ಉಟ್ಟಾಳು ಎಂಬ ಯೋಚನೆ ಕೂಡ ಈ ಗುಮಾಸ್ತನ ತಲೆಗೆ ಬರಲಿಲ್ಲ.

ಗುರುವಾರ ಹೊಟ್ಟೆನೋವೆಂದು ರಜೆ ಬರೆದುಕೊಟ್ಟು ಹರಿಹರಕ್ಕೆ ಹೋದೆ. ಅವನನ್ನು ಸಾಕ್ಷಿ ಸಮೇತ ಹಿಡಿಯಬೇಕೆಂಬ ಹಟ. ಗೇಟಿನಲ್ಲಿ ಅವನ ಮೇಸ್ತ್ರಿ ಜಮಾಲ್ ಸಾಬರ ಪರಿಚಯವಾಯಿತು. ಅವರು ನನ್ನನ್ನು ಚಹಾದ ಅಂಗಡಿಗೆ ಕರೆದುಕೊಂಡು ಹೋಗಿ, ನಾನು ಕೇಳುವ ಮುಂಚೆಯೇ ತಮ್ಮ ದೂರು ತೆಗೆದರು. ಹೊಸ ಒಪ್ಪಂದದ ಪ್ರಕಾರ ಪರೀಕ್ಷೆಗೆ ಕೂತು ಪಾಸಾದವರಿಗೆ ಮೇಲಿನ ದರ್ಜೆಯಂತೆ. ಕೆಂಚವೀರಪ್ಪನಿಗೆ ಕೆಲಸ ಹೇಳಿಕೊಟ್ಟವನೇ ನಮ್ಮ ಕರಿಬಸವರಾಜನಂತೆ. ಆದರೆ ಹೇಳಿಕೊಟ್ಟವನು ಪರೀಕ್ಷೆಗೇ ಕೂಡಲಿಲ್ಲವಂತೆ.

"ಎರಡು ಸಲ ಕರೆದೆ, ಎರಡು ಸಲಾನೂ ಬ್ಯಾಡ ಅಂದ. ಯಾಕಪ್ಪ ಅಂದ್ರೆ, ನಮ್ಮಣ್ಣನ ಪಗಾರ ದಾಟಿದ್ರೆ ಮನ್ಯಾಗ ಕವರ್ ಹೆಂಗೆ ಇಡ್ಲಿ ಸಾಬ್ರೆ ಅಂತಾನ. ನೀವಾದ್ರೂ ಬುದ್ಧಿ ಹೇಳ್ರಿ" ಅಂದರು.

ಬರುವ ತಿಂಗಳು ಕೊನೆಯ ಪರೀಕ್ಷೆ. ಅದು ತಪ್ಪಿದರೆ ಮತ್ತೆ ಮೂರು ವರ್ಷ ದರ್ಜೆ ಏರುವಂತಿಲ್ಲ ಎಂದೂ ಹೇಳಿದರು. ಚಹಾದ ಕಾಸನ್ನೂ ಅವರೇ ಕೊಟ್ಟರು.

ಬಸ್ಸಿನಲ್ಲಿ ಬರುವಾಗ ಒಂದು ಮಾತು ನೆನಪಾಯಿತು. ತಮ್ಮನ ದುಡಿಮೆ ಹೆಚ್ಚಾದ ಮನೆಯಲ್ಲಿ ಅಣ್ಣ ಮಠದ ಪ್ರಸಾದಕ್ಕೆ ಹೋಗುವುದು ಮೇಲು ಎಂದು ಯಾರದೋ ಮನೆಯ ವಿಷಯಕ್ಕೆ ನಾನು ನಗುತ್ತಾ ಆಡಿದ್ದೆ. ಅವನು ಅಲ್ಲೇ ಕೂತು ಷರಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ನಾನು ಆಡಿ ಮರೆತೆ, ಅವನು ಅದನ್ನೇ ಕಟ್ಟಿಕೊಂಡು ಬಾಳಿದ.

ಅಂದು ಸಂಜೆ ಅವನು ಕೆಲಸದಿಂದ ಬಂದವನೇ ನನ್ನ ಹೊಟ್ಟೆನೋವು ಹೇಗಿದೆ ಎಂದು ವಿಚಾರಿಸಿದ. ನಿನಗೆ ಹೇಗೆ ಹೇಳಲಿ, ಅವನ ಮುಖ ನೋಡಲಾಗಲಿಲ್ಲ. ಅಷ್ಟರಲ್ಲಿ ಒಂದು ಒಳ್ಳೆಯ ಸುದ್ದಿ ಇದ್ದದ್ದು ನನ್ನನ್ನು ಉಳಿಸಿತು. ಸರ್ಕಾರ ಕೊನೆಗೂ ನಮ್ಮ ಕಡೆ ಕಣ್ಣು ಬಿಟ್ಟು ಸಂಬಳ ಏರಿಸಿದೆ, ನನ್ನದು ನೂರಾ ಐವತ್ತು ದಾಟಿತು ಎಂದು ಹೇಳಿದೆ. ಅವನು "ಖರೆ ಐತೇನಣ್ಣ?" ಎಂದು ಎರಡು ಸಲ ಕೇಳಿದ. ಆಮೇಲೆ, "ಹಂಗಾದ್ರೆ ನಾನೂ ಪರೀಕ್ಷೆಗೆ ಕೂಡ್ತೀನಿ" ಅಂದ. ಬಸವಣ್ಣೆಮ್ಮ ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾವನವರು ದೊಡ್ಡ ಮನಸ್ಸು ಮಾಡಿ ನಿನ್ನನ್ನು ಕಳಿಸಿಕೊಡಲಿ. ಕಳ್ಳ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಿನಗೆ ಅಂದದ್ದನ್ನೂ ಕೂಡ.

ನಿನ್ನ ಮುಖ ನೋಡಲು ಹಿಂಜರಿಯುತ್ತಲೇ ಕಾಯುತ್ತಿರುವ,
ಶಿವಮೂರ್ತಪ್ಪ

ವಿ. ಸೂ.: ಪತ್ರದೊಳಗೆ ಬೇರೆಯಾಗಿ ಮಡಚಿಟ್ಟ ಈ ಚೀಟಿ ನಿನಗೊಬ್ಬಳಿಗೇ. ಮಾವನವರ ಮುಂದೆ ಓದಬೇಡ, ಓದಿ ಒಲೆಗೆ ಹಾಕು. ನನ್ನ ಸಂಬಳ ಒಂದು ಕಾಸೂ ಏರಿಲ್ಲ. ನಿನ್ನೆಯಿಂದ ಸಂಜೆ ಹೊತ್ತು ಕುಬೇರಪ್ಪನವರ ಹತ್ತಿ ಮಂಡಿಯಲ್ಲಿ ಲೆಕ್ಕ ಬರೆಯಲು ಕೂತಿದ್ದೇನೆ, ಆ ದುಡ್ಡನ್ನೂ ನನ್ನ ಕವರಿಗೇ ಸೇರಿಸಿ ಇಡುತ್ತೇನೆ. ಮನೆಯಲ್ಲಿ ಕಚೇರಿಯ ಕೆಲಸ ಜಾಸ್ತಿ ಎಂದಿದ್ದೇನೆ, ಕಚೇರಿಯಲ್ಲಿ ಗೊತ್ತಾದರೆ ಇರುವ ಕೆಲಸವೂ ಹೋಗುತ್ತದೆ. ನೀನು ಬಂದ ಮೇಲೆ ಕರಿಬಸವರಾಜ ಕೇಳಿದರೆ, ಏರಿದ್ದು ಹೌದು ಎಂದುಬಿಡು. ನಿನ್ನ ಪಗಾರ ನನ್ನದಕ್ಕಿಂತ ಹೆಚ್ಚಾಗಲಿ ತಮ್ಮಾ ಎಂದಿದ್ದರೆ ಇಷ್ಟೆಲ್ಲ ಬೇಕಾಗಿರಲಿಲ್ಲ. ಅವನ ಎದುರಿಗೆ ನಿಂತು ನೋಡಿದೆ, ನಿರ್ಮಲಾ. ಅದೊಂದು ಮಾತು ಬಾಯಿಗೆ ಬರಲಿಲ್ಲ.