ಹಾಡಿಲ್ಲದೆ ಮಣ್ಣು ಮಾಡಿದೆವು

ಲಾರೆಲ್ ಫೋರ್ಕ್, ಕೆಂಟಕಿ
ಗುರುವಾರ, ೯ ನವೆಂಬರ್ ೧೯೬೭

ನನ್ನ ಮುದ್ದು ವರ್ಲೀನ್‌ಗೆ ಅಮ್ಮನ ಆಶೀರ್ವಾದಗಳು.

ನಿನ್ನ ಗಂಟಲು ಹೇಗಿದೆ ಮಗಳೇ? ಎರಡು ಹೊತ್ತು ಸರಿಯಾಗಿ ಉಣ್ಣುತ್ತೀಯೋ, ಇಲ್ಲ ನ್ಯಾಶ್‌ವಿಲ್ಲಿನ ಆ ಸ್ಟುಡಿಯೋದಲ್ಲಿ ಕಾಫಿ ಸಿಗರೇಟಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತೀಯೋ? ನನ್ನ ಮಂಡಿನೋವು ಇದ್ದ ಹಾಗೇ ಇದೆ. ಈ ಕಾಗದವನ್ನು ಎಲ್ಲಾದರೂ ಕುಳಿತುಕೊಂಡು ಓದು.

ನಿಮ್ಮಪ್ಪ ಭಾನುವಾರ ತೀರಿಕೊಂಡರು. ಮಂಗಳವಾರ ಗುಡ್ಡದ ಮೇಲೆ ಮಣ್ಣು ಮಾಡಿದೆವು. ನಿನಗೆ ತಿಳಿಸದೆ ಇದ್ದವಳು ನಾನು; ಬೇರೆ ಯಾರನ್ನೂ ಬೈಯಬೇಡ. ಅವರಿಗೆ ಉಸಿರು ಕಟ್ಟತೊಡಗಿದಾಗ ಅಂಗಡಿಯ ತನಕ ನಡೆದುಹೋಗಿ ಫೋನು ಕೈಗೆತ್ತಿಕೊಂಡೆ. ಆಗ ನಿನ್ನ ಹಿಂದಿನ ಕಾಗದ ನೆನಪಾಯಿತು. ಕೊನೆಯ ಹಾಡಿನ ರೆಕಾರ್ಡಿಂಗ್ ಮುಗಿಯುವ ಮೊದಲು ನೀನು ಎದ್ದು ಊರಿಗೆ ಹೊರಟರೆ, ಉಳಿದದ್ದನ್ನು ತಾನೇ ಮುಗಿಸಿ ರೆಕಾರ್ಡಿನ ಮೇಲೆ ನಿರ್ಮಾಪಕ ಅಂತ ತನ್ನ ಹೆಸರೇ ಹಾಕಿಸಿಕೊಳ್ಳುವುದಾಗಿ ಕಂಪನಿಯ ಮ್ಯಾನೇಜರ್ ಪ್ರೆಂಟಿಸ್ ಹೇಳಿದ್ದಾನೆ ಎಂದು ಬರೆದಿದ್ದೆಯಲ್ಲ. ಫೋನು ಇಟ್ಟು, ಕಾಫಿಪುಡಿ ಕೊಂಡು ವಾಪಸು ಬಂದೆ.

ಹದಿನೇಳರ ವಯಸ್ಸಿನಲ್ಲಿ ನೀನು ಗಿಟಾರು ಹಿಡಿದು ರೇಡಿಯೋದಲ್ಲಿ ಹಾಡಿದ್ದಕ್ಕೆ ಚರ್ಚಿನವರು ನಿನ್ನನ್ನು ಹೊರಗೆ ಹಾಕಿದರು. ಆಮೇಲೆ ಬಸ್ಸಿನಲ್ಲೇ ಮಲಗಿ, ಕುಡುಕರ ಮುಂದೆ ಹಾಡಿ, ಅರ್ಧ ಆಯುಷ್ಯ ಸವೆಸಿದೆ. ನಿನ್ನ ಹಾಡು ಹೇಗಿರಬೇಕೆಂದು ಯಾವ ಗಂಡಸೂ ನಿನ್ನನ್ನು ಒಂದು ಮಾತು ಕೇಳಲಿಲ್ಲ. ಈಗ ಆ ಕಂಪನಿಯಲ್ಲಿ ಮೊದಲ ನಿರ್ಮಾಪಕಿಯಾಗಿ ಸ್ಟುಡಿಯೋ ಗಾಜಿನ ಈಚೆ ಕೂತು ಇನ್ನೊಬ್ಬರಿಂದ ಹಾಡಿಸುತ್ತಿದ್ದೀಯ. ಪಕ್ಕದ ಮನೆಯ ಲುಟಿಷಾ, "ಗಂಡಸ್ರಿಗೆ ಹಿಂಗ್ ಬಾರ್ಸು, ಹಂಗ್ ಬಾರ್ಸು ಅನ್ನೋದೂ ಒಂದು ಕೆಲ್ಸಾನಾ? ಅದಕ್ಕೆ ಸಂಬಳ ಬೇರೆ ಕೊಡ್ತಾರಾ?" ಎಂದು ಕುಟುಕಿದಾಗ ನಿಮ್ಮಪ್ಪ ಕೆಮ್ಮುತ್ತಲೇ ನನ್ನ ಕಡೆ ಕೈ ತೋರಿಸಿ, "ನಮ್ ಓರ್ಫಾ ಮದುವೆ ಆದಾಗಿಂದ ಬಿಟ್ಟಿಯಾಗಿ ಮಾಡ್ತಿರೋದು ಇನ್ನೇನು?" ಎಂದರು. ಅವರು ನಕ್ಕಿದ್ದು ಅದೇ ಕೊನೆ.

ಶನಿವಾರ "ಹುಡುಗಿ ಬಂದ್ಲಾ?" ಎಂದು ಕೇಳಿದರು. "ದಾರೀಲಿದಾಳೆ" ಎಂದುಬಿಟ್ಟೆ. ಅವರು ಬಾಗಿಲಿನ ಕಡೆಗೇ ಮುಖ ಮಾಡಿ ಮಲಗಿದರು. ಗಣಿಯ ದೂಳು ಎದೆ ತಿನ್ನುವವರೆಗೂ ಈ ಕಣಿವೆಯ ಪ್ರತಿಯೊಂದು ಸಾವಿನಲ್ಲೂ ಕೀರ್ತನೆಯ ಸಾಲುಗಳನ್ನು ಮೊದಲು ಹೇಳಿಕೊಟ್ಟವರು ಅವರೇ ತಾನೇ. ಜನ ಅವನ್ನು ಹಿಡಿದು ಎಳೆದೆಳೆದು ಹಾಡುತ್ತಿದ್ದರು. "ನನ್ನನ್ನ ಮಣ್ಣು ಮಾಡುವಾಗ ಸಾಲು ಹೇಳೋಳು ವರ್ಲೀನೇ. ಬೇರೆ ಯಾವನೂ ಬಾಯಿ ತೆಗೀಬಾರ್ದು" ಎಂದು ಅವತ್ತೇ ನಿಮ್ಮಪ್ಪ ಹೇಳಿದರು. ಅದೇ ಅವರ ಕೊನೆಯ ಮಾತು.

ಗುಡ್ಡದ ಮೇಲೆ ನಮ್ಮ ಚರ್ಚಿನ ಬೋಧಕ ಬ್ರದರ್ ಎನಿಸ್ ಕೀರ್ತನೆಯ ಪುಸ್ತಕ ಬಿಡಿಸಿದ. ನಿಮ್ಮಪ್ಪನ ಮಾತು ತಿಳಿಸಿದೆ. "ಹೆಣ್ಣುಮಕ್ಕಳು ಸಾಲು ಹೇಳೋ ಪದ್ಧತಿ ನಮ್ಮಲ್ಲಿಲ್ಲ, ಸಿಸ್ಟರ್ ಓರ್ಫಾ. ಅವಳಂತೂ ಇಲ್ಲಿಲ್ಲ. ನೀವು ಹೂಂ ಅನ್ನಿ, ನಾನೇ ಹೇಳ್ತೀನಿ" ಎಂದ. ನಾನು ಹೂಂ ಅನ್ನಲಿಲ್ಲ. ಸತ್ತವರ ಮಾತು ಮೀರುವುದು ನನ್ನಿಂದಾಗಲಿಲ್ಲ. ಊರವರ ಸಾವಿಗೆಲ್ಲ ಹಾಡಿದ ಮನುಷ್ಯನನ್ನು ಹಾಡಿಲ್ಲದೆ ಮಣ್ಣು ಮಾಡಿದೆವು. ಸಲಿಕೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಆದರೂ ಫೋನು ಇಟ್ಟದ್ದು ತಪ್ಪು ಎಂಬ ಮಾತು ನನ್ನ ಬಾಯಿಂದ ಇನ್ನೂ ಬರುತ್ತಿಲ್ಲ.

ಚಳಿ ಶುರುವಾಗಿದೆ, ಬೆಚ್ಚಗೆ ಹೊದ್ದುಕೊಂಡು ಮಲಗು. ಅತ್ತುಬಿಡು, ತಡೆದುಕೊಳ್ಳಬೇಡ. ದೇವರು ನಿನ್ನ ತಲೆ ಕಾಯಲಿ.

ಇಂತಿ ನಿನ್ನ ಅಮ್ಮ,
ಓರ್ಫಾ

ತಾಜಾ ಕಲಂ: ಲಕೋಟೆ ಅಂಟಿಸುವಷ್ಟರಲ್ಲಿ ಅಂಚೆಯವನು ನಿನ್ನ ಹೊಸ ಕಾಗದ ಕೊಟ್ಟ. ಹಾಡುಗಳೆಲ್ಲ ಮುಗಿದವಂತೆ. ಹೆಣ್ಣಿನ ಹೆಸರು ಕಂಡರೆ ಅಂಗಡಿಯವರು ಕೊಳ್ಳುವುದಿಲ್ಲ ಎಂದು ಪ್ರೆಂಟಿಸ್ ಈಗ ಹೊಸ ರಾಗ ತೆಗೆದಿದ್ದಾನಂತೆ. ನಿನಗೂ ಸಾಕುಸಾಕಾಗಿ, ಅವನ ಹೆಸರೇ ಇರಲಿ ಎಂದು ಸೋಮವಾರ ಸಹಿ ಹಾಕುತ್ತೀಯಂತೆ. ಹಾಕಬೇಡ ಕಣೇ. ನಿನ್ನ ಕಾಲಿಗೆ ಬೀಳುತ್ತೇನೆ, ಹಾಕಬೇಡ. ಆ ಹೆಸರಿಗೋಸ್ಕರ ಸಾಯುವವರಿಗೆ ಸುಳ್ಳು ಹೇಳಿದ್ದೇನೆ. ಅದೂ ಹೋದರೆ, ನೀನು ಮನೆಗೆ ಬಂದ ದಿನ ಯಾವ ಮುಖ ಇಟ್ಟುಕೊಂಡು ಬಾಗಿಲು ತೆಗೆಯಲಿ?