ಕಸಿ ಚಾಕುವಿಗೆ ಲಾಕ್ ಕೂರಿಸಿದ ತಮ್ಮನಿಗೆ

ಮಹರಾಯ,

ನನ್ನ ಕಸಿ ಚಾಕುವಿಗೆ ಲಾಕ್ ಕೂರಿಸು ಅಂತ ನಿನ್ನನ್ನು ಯಾರು ಕೇಳಿದ್ದರು? ಸೂಟ್‌ಕೇಸಿಗೆ ಹಾಕುವ ಮುಂಚೆ ಬಿಚ್ಚಿ ನೋಡಿದ್ದಕ್ಕೆ ಬದುಕಿದೆ.

ಬಿಚ್ಚಿದ ಅಲಗು ತಾನಾಗಿ ಮಡಚಿಕೊಳ್ಳುತ್ತೆ, ಕೆಟ್ಟಿರಬೇಕು ಅಂದುಕೊಂಡೆಯಾ? ಅದು ಇರುವುದೇ ಹಾಗೆ. ನಾನು ಕಸಿ ಕಟ್ಟಲು ಹೋಗುತ್ತಿರುವ ದೇಶದಲ್ಲಿ ಅಲಗು ಮಡಚದಂತೆ ಲಾಕ್ ಆಗುವ ಚಾಕು ಜೇಬಿನಲ್ಲಿದ್ದರೆ ಪೊಲೀಸರು ಹಿಡಿಯುತ್ತಾರೆ. ಲಾಕ್ ಇಲ್ಲದ ಗಿಡ್ಡ ಚಾಕುವಾದರೆ ಯಾರೂ ಕೇಳುವುದಿಲ್ಲ. ಅಂಥದ್ದೇ ಬೇಕೆಂದು ಊರೆಲ್ಲ ಅಲೆದು ತಂದಿದ್ದೆ. ನೀನು ಒಂದೇ ಸಂಜೆಯಲ್ಲಿ ನನ್ನನ್ನು ಅಪರಾಧಿ ಮಾಡಿಟ್ಟೆ!

ಕಳೆದ ಸಲ ಅಲಗು ಮಡಚಿ ಬೆರಳು ಕುಯ್ದುಕೊಂಡು ಬಂದೆನಲ್ಲ, ಅದಕ್ಕೇ ಮಾಡಿದ್ದೀಯ, ಗೊತ್ತು. ಬೆರಳು ನನ್ನದಪ್ಪಾ, ನಿನ್ನ ಗ್ಯಾರೇಜಿನದಲ್ಲ. ಕಿತ್ತು ಹಾಕೋಣವೆಂದರೆ ಕೆಲಸ ಬೇರೆ ಅಷ್ಟು ಗಟ್ಟಿ. ಸ್ಕ್ರೂಡ್ರೈವರ್ ಬಾಗಿತೇ ಹೊರತು ಅದು ಅಲುಗಲಿಲ್ಲ.

ಚಾಕು ಮೇಜಿನ ಮೇಲಿದೆ, ನೀನೇ ಇಟ್ಟುಕೋ. ಇಷ್ಟು ವರ್ಷ ಕಸಿ ಕಟ್ಟಿದವಳು ಅಲ್ಲಿನ ತೋಟದವರ ಮುಂದೆ ಒಂದು ಚಾಕುವಿಗೆ ಕೈಯೊಡ್ಡಬೇಕು!

ಊಟ ಫ್ರಿಜ್ಜಿನಲ್ಲಿದೆ, ಬಿಸಿ ಮಾಡಿಕೊಂಡು ತಿನ್ನು. ಕುಂಡಗಳಿಗೆ ನೀರು ಹಾಕು. ನನ್ನ ಗರಗಸ, ಕತ್ತರಿಗಳ ತಂಟೆಗೆ ಹೋಗಬೇಡ.

ಇನ್ನೊಂದು. ಮುಂಬಾಗಿಲ ಲಾಕ್ ಕೆಟ್ಟಿದೆ ಅಂತ ಹೋದ ಬೇಸಿಗೆಯಿಂದ ಬಾಯಿ ಬಡಿದುಕೊಳ್ಳುತ್ತಿದ್ದೇನೆ. ರಾತ್ರಿಯೇನೋ ಒಳಗಿನಿಂದ ಕುರ್ಚಿ ಒತ್ತಿಟ್ಟು ಮಲಗುತ್ತೇವೆ. ಹೊರಗೆ ಹೊರಟವಳು ಕುರ್ಚಿ ಎಲ್ಲಿಡಲಿ? ಬಾಗಿಲು ಸುಮ್ಮನೆ ಎಳೆದುಕೊಂಡು ಹೋಗಿದ್ದೇನೆ.

ಅಕ್ಕ