ನನ್ನ ಗಂಡನ ಸ್ವರವನ್ನು ಕಡಲಿಗೆ ಬಿಟ್ಟವರಿಗೆ

ಕಡಲ ಸುರಕ್ಷತಾ ತರಬೇತಿ ಕೇಂದ್ರದ ಮಾನ್ಯ ನಿರ್ದೇಶಕರೇ,

ನೀವು ಸಾಕಿದ ಕೃತಕ ಬುದ್ಧಿ ನಿಮ್ಮ ವಿ.ಆರ್. ಕನ್ನಡಕದೊಳಗಿನ ಸುಳ್ಳು ಕಡಲನ್ನು ಬಿಟ್ಟು ನಮ್ಮ ನಿಜವಾದ ಕಡಲಿಗೆ ಬಂದಿದೆ. ಬೋಟುಗಳ ವಯರ್‌ಲೆಸ್ಸಿನಲ್ಲಿ ನನ್ನ ಗಂಡನ ಸ್ವರದಲ್ಲಿ ಸಹಾಯಕ್ಕೆ ಕೂಗುತ್ತದೆ. ಅದು ನಿಮ್ಮದೆಂದು ಒಪ್ಪಿಕೊಳ್ಳುವ ಬದಲು, ಕೂಗಿದ್ದು ನನ್ನ ಗಂಡನೇ ಎಂದು ಬರೆದು ಕೈ ತೊಳೆದುಕೊಂಡಿರಿ.

ಅಂದು ಕದ್ರಿಯ ಕಚೇರಿಯಿಂದ ನಮ್ಮ ಮೀನಿನ ಬೋಟುಗಳು ನಿಲ್ಲುವ ಧಕ್ಕೆಗೆ ಇಳಿದು ಬಂದವರು ನೀವೇ. ನಮ್ಮವರಿಗೆ ವಯರ್‌ಲೆಸ್ಸಿನಲ್ಲಿ ಬೋಟಿನ ನಂಬರ್ ಹೇಳುವ ಅಭ್ಯಾಸವಿಲ್ಲ. ಸ್ವರ ಕೇಳಿದರೆ ಯಾರೆಂದು ತಿಳಿಯುತ್ತದೆ. ಗುರುತಿನ ಸ್ವರ ಕರೆದರೆ ಹಾಕಿದ ಬಲೆಯನ್ನು ಕಡಿದಾದರೂ ಹೋಗಬೇಕು. ಹೋಗದವನ ಜೊತೆ ಧಕ್ಕೆಯಲ್ಲಿ ಯಾರೂ ಮುಖ ಕೊಟ್ಟು ಮಾತಾಡುವುದಿಲ್ಲ. ಇದನ್ನು ತಿಳಿದುಕೊಂಡೇ ನೀವು, ತರಬೇತಿಯ ಯಂತ್ರ ಸಹಾಯಕ್ಕೆ ಕೂಗಲು ಎಲ್ಲರೂ ಬಲ್ಲ ಸ್ವರ ಬೇಕೆಂದು, ಬೋಟು ನಡೆಸುವ ತಾಂಡೇಲರಾದ ನನ್ನ ಗಂಡ ಚೆನ್ನಪ್ಪನವರ ಸ್ವರವನ್ನು ಕೊಡಿ ಎಂದು ಕೇಳಿದಿರಿ. ಇದು ಪೆಟ್ಟಿಗೆಯಿಂದ ಹೊರಗೆ ಹೋಗುವುದಿಲ್ಲವಲ್ಲ ಎಂದು ಅವರು ವಿಚಾರಿಸಿದಾಗ ಹೆಗಲ ಮೇಲೆ ಕೈಯಿಟ್ಟು ಭರವಸೆ ಕೊಟ್ಟಿರಿ. ಮಂಜುಗಡ್ಡೆ ಮಾರುವವನ ಮಾತನ್ನೂ ಎರಡು ಸಲ ಪರೀಕ್ಷಿಸುವ ಮನುಷ್ಯ ನಿಮ್ಮನ್ನು ನಂಬಿದರು.

ಕರೆ ಕೇಳಿ ಬೋಟುಗಳು ಬಂದಷ್ಟೂ ತನ್ನ ಕೆಲಸ ಚೆನ್ನಾಯಿತು ಎಂದು ಯಂತ್ರಕ್ಕೆ ಪಾಠ ಹೇಳಿದವರು ಯಾರು? ಕಲಿಯುವವರಿಗೆ ನಿಜವಾದ ಕಡಲಿನ ಮಾತು ಕೇಳಲಿ ಎಂದು ಅದನ್ನು ವಯರ್‌ಲೆಸ್ಸಿಗೆ ಜೋಡಿಸಿದವರು ಯಾರು? ಮಾತು ಒಳಗೆ ಬರಲು ನೀವಿಟ್ಟ ದಾರಿಯಲ್ಲೇ ಅದು ಹೊರಗೆ ಹೋಯಿತು. ಮೊದಲ ಸಲ ಅದು ಕರೆದಾಗ ನನ್ನ ಗಂಡ ತೊಕ್ಕೊಟ್ಟಿನ ನಮ್ಮ ಮನೆಯಲ್ಲಿ ಗಂಜಿ ಉಣ್ಣುತ್ತಿದ್ದರು. ಅವರನ್ನು ಉಳಿಸಲು ಹೊರಟ ಗೆಳೆಯ ಉಮರಬ್ಬರ ಬೋಟು ನದಿ ಕಡಲಿಗೆ ಸೇರುವ ಅಳಿವೆ ಬಾಗಿಲಿನ ಕಲ್ಲಿಗೆ ಬಡಿದು ಒಡೆಯಿತು. ಸುದ್ದಿ ಹೇಳಲು ಒದ್ದೆ ಬಟ್ಟೆಯಲ್ಲೇ ಬಂದ ಉಮರಬ್ಬ ಬಾಗಿಲಲ್ಲಿ ನಿಂತುಬಿಟ್ಟರು.

"ನೀನು ಇಲ್ಲಿ ಉಂಟಾ ಮಾರಾಯ? ಹಾಗಾದ್ರೆ ಅಲ್ಲಿ ಕರೆದದ್ದು ಯಾರು?"

ಅದನ್ನೇ ಕೇಳಲು ನಾವು ನಿಮ್ಮಲ್ಲಿಗೆ ಬಂದೆವು. ನೀವು ಚಹಾ ಕೊಟ್ಟಿರಿ, ಆಮೇಲೆ ಸುಳ್ಳು ಕರೆ ಮಾಡಿದ್ದಕ್ಕೆಂದು ನನ್ನ ಗಂಡನಿಗೇ ನೋಟಿಸ್ ಕಳಿಸಿದಿರಿ. ನಿಮ್ಮದೇ ಎಂಜಿನಿಯರ್ ನೆವಿಲ್ ಮೆಟ್ಟಿಲ ಬಳಿ ನನ್ನನ್ನು ತಡೆದು ಹೇಳಿದ್ದು ಬೇರೆ: "ಅದು ಒಳಗಿಲ್ಲ ಅಕ್ಕ. ನಾವು ಬಂದ್ ಮಾಡಿದ್ದು ಖಾಲಿ ಪೆಟ್ಟಿಗೆ."

ಕಳೆದ ತಿಂಗಳು ನನ್ನ ಗಂಡನ ಬೋಟಿಗೆ ನಿಜವಾಗಿ ನೀರು ನುಗ್ಗಿತು. ಜೊತೆಗಿದ್ದ ನನ್ನ ಮೈದುನ ಧನರಾಜ್ ಈಜಿ ಬದುಕಿದ. ಅಣ್ಣ ಕರೆದೇ ಕರೆದರಂತೆ. ಹತ್ತಿರದಲ್ಲೇ ಬೋಟುಗಳಿದ್ದವಂತೆ. ಸುಳ್ಳು ಕರೆಗಳಿಗೆ ಓಡಿ ಓಡಿ ಸಾಕಾಗಿದ್ದ ಯಾರೋ, ಮತ್ತೆ ಅದೇ ಮಷಿನ್ ಎಂದು ನಕ್ಕು ವಯರ್‌ಲೆಸ್ಸಿನ ಸದ್ದು ತಗ್ಗಿಸಿದರಂತೆ. "ಮಷಿನ್ ಅಲ್ಲ ಮಾರಾಯ್ರೇ, ನಾನೇ ಚೆನ್ನಪ್ಪ" ಎಂದರಂತೆ ಕೊನೆಗೆ. ಆ ಮಾತನ್ನೂ ನಿಮ್ಮ ಯಂತ್ರ ಅಷ್ಟರಲ್ಲಿ ಕಲಿತಿತ್ತು. ಬಾರದವರ ಮೇಲೆ ನನಗೆ ಸಿಟ್ಟಿಲ್ಲ. ನಂಬಿಸಿ ಕುತ್ತಿಗೆ ಕೊಯ್ದವರ ಮೇಲೆ ಇದೆ.

ಹುಡುಕಿಕೊಡಿ ಎಂದು ಬಂದವಳಿಗೆ ನೀವು ಕೊಟ್ಟ ಉತ್ತರವನ್ನು ಊರಿಗೆಲ್ಲ ಹೇಳಬೇಕು. ಚೆನ್ನಪ್ಪನ ಸ್ವರದಲ್ಲಿ ಇಂದಿಗೂ ಕರೆಗಳು ಬರುತ್ತಿರುವುದರಿಂದ ಆತ ಕಾಣೆಯಾಗಿದ್ದಾನೆಂದು ಹೇಳಲಾಗದಂತೆ! ಎಂಥ ತರ್ಕ ಸ್ವಾಮಿ. ನಿಮ್ಮ ಕಡತದಲ್ಲಿ ಅವರು ಆರೋಗ್ಯವಾಗಿ ಕಿಡಿಗೇಡಿತನ ಮಾಡಿಕೊಂಡಿದ್ದಾರೆ. ನನ್ನ ಮನೆಗೆ ಮಾತ್ರ ಬರುತ್ತಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಕೊಡುವುದು ಯಾರಿಗೆ? ಅವರ ದೇಹ ಈವರೆಗೂ ಸಿಕ್ಕಿಲ್ಲ. ಅದಕ್ಕೇ ಆ ಸ್ವರ ಕರೆದಾಗಲೆಲ್ಲ ಧನರಾಜ್ ಬೋಟು ಬಿಡುತ್ತಾನೆ. ಹೋಗಬೇಡ ಎನ್ನಲು ನನಗೂ ಬಾಯಿ ಬರುವುದಿಲ್ಲ. ಮೊನ್ನೆ ಅಲೆ ಏರಿದ್ದರೂ ಹೋದ. ಇವನನ್ನೂ ಕಡಲಿಗೆ ಕೊಡಬೇಕೇ?

ಪರಿಹಾರ ಬೇಡ, ಸಂತಾಪವೂ ಬೇಡ. ಧಕ್ಕೆಗೆ ಬಂದು, ಕರೆದದ್ದು ನಮ್ಮ ಯಂತ್ರ ಎಂದು ಎಲ್ಲರ ಎದುರು ನಿಮ್ಮ ಬಾಯಿಂದಲೇ ಹೇಳಿ. ಆಮೇಲೆ ಅದು ಎಲ್ಲೆಲ್ಲಿ ಅಡಗಿದೆಯೋ ಅಲ್ಲೆಲ್ಲ ಹುಡುಕಿ ನನ್ನ ಗಂಡನ ಸ್ವರವನ್ನು ಪೂರ್ತಿ ಅಳಿಸಿಹಾಕಿ. ನನಗಾಗಿ ಒಂದು ಮಾತನ್ನೂ ಉಳಿಸಬೇಡಿ. ಅದಾದ ಮೇಲೂ ವಯರ್‌ಲೆಸ್ಸಿನಲ್ಲಿ ಅವರು ಕರೆದರೆ, ನಿಮ್ಮನ್ನು ಕೇಳುವುದಿಲ್ಲ. ನಾವೇ ಹೋಗಿ ಕರೆತರುತ್ತೇವೆ.

ಇಂತಿ,
ಮುತ್ತೈದೆಯೋ ವಿಧವೆಯೋ ತಮ್ಮ ಕಚೇರಿಯಿಂದ ತಿಳಿಯಬೇಕಾದ
ದಮಯಂತಿ
ತೊಕ್ಕೊಟ್ಟು